ಭಾರ್ಗವಭಾಯಿಯ ಮೂಗು

ನನ್ನ ಹೆಂಡತಿ ಸುಲೋಚನಾ ಕಳೆದ ಸಂಕ್ರಾಂತಿಯ ಮರುದಿನದಿಂದ ದಿನಕ್ಕೊಂದು ಚಿತ್ರ ಬರೆಯತೊಡಗಿದಳು. ಮುಂದಿನ ಸಂಕ್ರಾಂತಿಯವರೆಗೆ ಒಂದು ದಿನವೂ ತಪ್ಪಿಸಬಾರದೆಂಬುದು ಅವಳೇ ಹಾಕಿಕೊಂಡ ನಿಯಮ. ಬರೆಯಲಿ, ನನ್ನದೇನೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಒಂದು ಮೂಗಿನಿಂದ.

ನಾವು ಶಿವಮೊಗ್ಗದವರು. ನನಗೆ ವಡೋದರದ ಅಲ್ಕಾಪುರಿಯಲ್ಲಿ ವಿಮಾ ಕಚೇರಿಯ ಕೆಲಸ. ಸುಲೋಚನಾಳ ಬ್ಯಾಂಕು ಅವಳನ್ನು ಸೂರತ್‌ಗೆ ವರ್ಗ ಮಾಡಿದ ಮೇಲೆ ಅವಳು ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಇಲ್ಲಿ ಅದಕ್ಕೆ ಅಪ್‌ಡೌನ್ ಎನ್ನುತ್ತಾರೆ. ಪಾಸು ಮಾಡಿಸಿಕೊಂಡ ಜನ ಬೆಳಿಗ್ಗೆ ಅದೇ ರೈಲು, ಅದೇ ಬೋಗಿ ಹಿಡಿಯುತ್ತಾರೆ. ಚಿತ್ರ ಬರೆಯುವುದು ಅಲ್ಲಿ; ರಜೆಯಿದ್ದರೆ ಮನೆಯಲ್ಲಿ. ಬರೆದದ್ದರ ಫೋಟೋ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬರುತ್ತದೆ. ಗುಂಪಿನಲ್ಲಿರುವುದು ನಾವಿಬ್ಬರು ಮತ್ತು ಅಹಮದಾಬಾದಿನಲ್ಲಿ ಓದುತ್ತಿರುವ ಮಗಳು ವರ್ಷಿಣಿ.

ಮೊದಮೊದಲು ನೀರಿನ ಬಾಟಲಿ, ಚಪ್ಪಲಿ, ಕಿಟಕಿಯ ಸರಳು ಬಂದವು. ಬೇಸಿಗೆಯ ಹೊತ್ತಿಗೆ ಮನುಷ್ಯರು ಬಂದರು. ಆಮೇಲೆ ಬಂದದ್ದು ಆ ಮೂಗು. ಪೇಪರ್ ಓದುವ ಮೂಗು, ತೂಕಡಿಸುವ ಮೂಗು, ಖಾಖ್ರಾ ತಿನ್ನುವ ಮೂಗು. ವಾರದಲ್ಲಿ ಮೂರು ದಿನವಾದರೂ ಅದೇ. ಯಾರಿವನು ಎಂದು ಕೇಳಿದೆ.

"ಭಾರ್ಗವ್‌ಭಾಯ್ ಅಂತ. ಸೂರತ್‌ನ ಕತಾರ್‌ಗಾಮ್‌ನಲ್ಲಿ ವಜ್ರದ ಕಾರ್ಖಾನೇಲಿ ಲೆಕ್ಕ ನೋಡ್ತಾರೆ. ಎಷ್ಟು ಚೆನ್ನಾಗಿದೆ ಅಲ್ವಾ ಮೂಗು? ಪೆನ್ಸಿಲ್ ಇಟ್ರೆ ತಾನಾಗೇ ಬಂದ್ಬಿಡತ್ತೆ."

ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಯಾವ ಅವಯವದ ಬಗ್ಗೆಯೂ ಅವಳ ಬಾಯಿಂದ ಇಂಥ ಮಾತು ಬಂದಿರಲಿಲ್ಲ. ಗುಂಪಿನ ಫೋಟೋಗಳನ್ನು ಮೊದಲಿನಿಂದ ತೆಗೆದು ನೋಡಿದೆ. ನಮ್ಮ ಸೊಸೈಟಿಯ ವಾಚ್‌ಮನ್ ಇದ್ದ, ತರಕಾರಿಯವಳು ಇದ್ದಳು, ಕೆಳಗಿನ ಮನೆಯ ನಾಯಿ ಎರಡು ಸಲ ಇತ್ತು. ನಾನು ಎಲ್ಲೂ ಇರಲಿಲ್ಲ.

ನನ್ನನ್ನೂ ಬರೆ ಎಂದು ಬಾಯಿಬಿಟ್ಟು ಕೇಳುವಷ್ಟು ಗತಿಗೆಟ್ಟವನಲ್ಲ ನಾನು. ಒಂದು ಭಾನುವಾರ ತಲೆಗೆ ಬಣ್ಣ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಬಾಲ್ಕನಿಯ ಬೆಳಕಿನಲ್ಲಿ ಪುಸ್ತಕ ಹಿಡಿದು ಕೂತೆ. ಅವಳು ಪೆನ್ಸಿಲ್ ತೆಗೆದುಕೊಂಡು ಬಂದಳು. ನಾನು ಉಸಿರು ಬಿಗಿಹಿಡಿದೆ.

"ರೀ, ಸ್ವಲ್ಪ ಆಚೆ ಸರೀರಿ. ತುಳಸಿ ಕುಂಡ ಕಾಣಿಸ್ತಿಲ್ಲ."

ಅವತ್ತು ಗುಂಪಿಗೆ ಬಂದದ್ದು ತುಳಸಿ. ನಾನು ಹೆಬ್ಬೆರಳಿನ ಗುರುತೊಂದನ್ನು ಒತ್ತಿ ಸುಮ್ಮನಾದೆ. ವರ್ಷಿಣಿ ಫೋನು ಮಾಡಿ, "ಪಪ್ಪಾ, ಮಮ್ಮಿ ಇಷ್ಟು ಮಸ್ತ್ ಡ್ರಾ ಮಾಡ್ತಾಳೆ, ನೀನು ಒನ್ಲಿ ಥಂಬ್ಸ್ ಅಪ್! ಯು ಆರ್ ಸೋ ಜೆಲಸ್," ಎಂದು ನಕ್ಕಳು. ಮಕ್ಕಳಿಗೆ ಏನು ಗೊತ್ತಾಗುತ್ತದೆ ಎಂದು ಗದರಿದೆ. ಗೊತ್ತಾಗಿತ್ತು.

ಜನವರಿ ಬಂತು. ಸಂಕ್ರಾಂತಿ ದಾಟಿದರೆ ಚಿತ್ರಗಳು ಮುಗಿದವು. ಅವಳ ಇಡೀ ವರ್ಷದಲ್ಲಿ ನಾಯಿಗೆ ಸಿಕ್ಕ ಜಾಗ ನನಗಿಲ್ಲ ಎಂಬುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ರಜೆ ಹಾಕಿದೆ. ಸೂರತ್‌ನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಅವಳ ರೈಲನ್ನೇ ಹತ್ತಿದೆ.

"ಆವೋ ಆವೋ, ಸುಲೋಚನಾಬೇನ್!" ಎಂದು ಬೋಗಿಗೆ ಬೋಗಿಯೇ ಕೂಗಿತು. ಇವಳು ಪಟಪಟನೆ ಗುಜರಾತಿ ಮಾತಾಡಿದಳು, ಯಾರದೋ ಡಬ್ಬಿಯಿಂದ ಥೇಪ್ಲಾ ಮುರಿದುಕೊಂಡಳು, ಜೋರಾಗಿ ನಕ್ಕಳು. ಮನೆಯಲ್ಲಿ ಹೀಗೆ ನಕ್ಕದ್ದನ್ನು ನಾನು ಕಂಡೇ ಇಲ್ಲ. ಒಂದು ಮೂಗಿಗೆಂದು ಬಂದವನಿಗೆ ಇಡೀ ಬೋಗಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಅಲ್ಲಿ ಯಾರ ಸೀಟು ಯಾರದೆಂದು ಮೊದಲೇ ನಿಶ್ಚಯ. ಬೇರೆಯವರು ಕೂರುವಂತಿಲ್ಲ. ಕಿಟಕಿಯ ಪಕ್ಕದ್ದು ಸುಲೋಚನಾಳದು, ಅದರ ಎದುರಿನದು ಭಾರ್ಗವಭಾಯಿಯದು. ಸುಳ್ಳು ಹೇಳಬಾರದು, ಮೂಗು ನಿಜಕ್ಕೂ ಚೆನ್ನಾಗಿತ್ತು. ನಾನು ಯಾರೆಂದು ತಿಳಿದದ್ದೇ ಅವರು ಎದ್ದು, "ಬೇಸೋ ಬೇಸೋ, ಗಿರಿಧರ್‌ಭಾಯ್," ಎಂದು ತನ್ನ ಸೀಟು ನನಗೆ ಕೊಟ್ಟು ಪಕ್ಕದಲ್ಲಿ ನಿಂತುಕೊಂಡರು.

ನಾನು ಕೂತೆ. ಸುಲೋಚನಾ ಬ್ಯಾಗಿನಿಂದ ಪುಸ್ತಕ ತೆಗೆದು, ನನ್ನನ್ನೊಮ್ಮೆ ನೋಡಿ, ಬರೆಯಲು ಶುರುಮಾಡಿದಳು.

"ಏನು, ನನ್ನನ್ನಾ?"

"ಹೂಂ. ಎದುರಿಗೆ ಯಾರು ಕೂತಿರ್ತಾರೋ ಅವ್ರನ್ನೇ ಬರೆಯೋದು. ಈ ಇಕ್ಕಟ್ಟಿನಲ್ಲಿ ಇನ್ಯಾರು ಕಾಣಿಸ್ತಾರೆ?"

ಇಷ್ಟೇನಾ! ಒಂದು ಸೀಟಿಗಾಗಿ ನಾನು ತಿಂಗಳುಗಟ್ಟಲೆ ಒಳಗೊಳಗೇ ಬೆಂದಿದ್ದೆ. ಆದರೂ ಬಿಡಲಿಲ್ಲ. "ಹಾಗಾದ್ರೆ ಮನೇಲಿ ಯಾಕೆ ಬರೀಲಿಲ್ಲ?"

ಪೆನ್ಸಿಲ್ ನಿಲ್ಲಲಿಲ್ಲ. "ಮನೇಲಿ ನೀವು ನನ್ನೆದುರಿಗೆ ಯಾವತ್ತು ಕೂತಿದ್ದೀರಿ? ಇಬ್ರೂ ಟೀವಿ ಕಡೆ ಮುಖ ಮಾಡ್ಕೊಂಡು ಕೂರ್ತೀವಿ. ಬಾಲ್ಕನೀಲೂ ನಿಮ್ಮ ಮುಖ ಬೀದಿ ಕಡೆಗೇ. ಬೇಕಾದ್ರೆ ನಿಮ್ಮ ಎಡಗಿವಿ ಬರೀತೀನಿ. ಅದು ಬಾಯಿಪಾಠ ಆಗಿದೆ."

ನರ್ಮದೆಯ ಸೇತುವೆ ಬಂತು. ಅವಳನ್ನೇ ನೋಡುತ್ತಾ ಕೂತೆ. ಕನ್ನಡಕದ ಫ್ರೇಮು ಹೊಸದಾಗಿತ್ತು. ಯಾವಾಗ ಬದಲಾಯಿಸಿದಳೋ! ಕೇಳಿದರೆ ಸಿಕ್ಕಿಬೀಳುತ್ತೇನೆಂದು ಸುಮ್ಮನಿದ್ದೆ. ಅಷ್ಟರಲ್ಲಿ ಭಾರ್ಗವಭಾಯಿ ಬಗ್ಗಿ ಅವಳಿಗೇನೋ ಹೇಳಿದರು, ಅವಳು ನಕ್ಕಳು, ನಾನು ಕತ್ತೆತ್ತಿ ಅವರತ್ತ ನೋಡಿದೆ.

"ಮುಗೀತು," ಎಂದಳು.

ಪುಸ್ತಕ ಕೈಯಿಂದ ಕೈಗೆ ಹೋಯಿತು. ಹೋದಲ್ಲೆಲ್ಲ ನಗು ಎದ್ದಿತು. ಯಾರೋ ನನ್ನ ಬೆನ್ನು ಚಪ್ಪರಿಸಿದರು. ಭಾರ್ಗವಭಾಯಿ ಒಮ್ಮೆ ಚಿತ್ರವನ್ನೂ ಒಮ್ಮೆ ನನ್ನನ್ನೂ ನೋಡಿ, ಮೆಲ್ಲಗೆ ಬಾಗಿಲ ಕಡೆ ಸರಿದರು. ಕೊನೆಗೆ ಅದು ನನ್ನ ಕೈಗೆ ಬಂತು. ಓರೆಗಣ್ಣು, ಬಿಗಿದ ತುಟಿ, ಊದಿದ ಕೆನ್ನೆ. ತನ್ನ ಎಲೆಯ ಹೋಳಿಗೆಯನ್ನು ಪಕ್ಕದವನು ತಿನ್ನುತ್ತಿದ್ದಾನೆ ಎಂಬಂತೆ ನೋಡುತ್ತಿರುವ ಒಬ್ಬ ಗಂಡಸು. ಭಾಷೆ ಬಾರದವರಿಗೂ ಆ ಮುಖ ಅರ್ಥವಾಗುತ್ತಿತ್ತು.

"ಹರಿದು ಹಾಕು," ಎಂದೆ ಮೆಲ್ಲಗೆ.

"ಹರಿದ್ರೆ ಇವತ್ತಿನ ದಿನ ಖಾಲಿ ಬೀಳತ್ತೆ. ಆಗಲ್ಲ."

"ಇನ್ನೊಂದು ಬರಿ. ನಗ್ತೀನಿ."

"ದಿನಕ್ಕೆ ಒಂದೇ ರೀ." ಅವಳು ಮೂಲೆಯಲ್ಲಿ ತಾರೀಖು ಹಾಕಿದಳು. "ನಾಳೆ ಒಂದು ಉಳಿದಿದೆ. ನಗೋದಿದ್ರೆ ಮನೇಲಿ ನನ್ನೆದುರಿಗೆ ಬಂದು ಕೂತ್ಕೊಳ್ಳಿ."