ಜೇಬಿನಲ್ಲಿ ಉಳಿದ ಬೋಲ್ಟು

ಕಾರಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮಗಳು ಹೊಸ ಆಯಿಲ್ ಸಂಪಿನ ಅಂಚಿನಲ್ಲಿ ಬೆರಳಾಡಿಸುತ್ತಿದ್ದಳು. ಎಂಜಿನ್ನಿನ ಹೊಟ್ಟೆಯಡಿ ಆಯಿಲ್ ಹಿಡಿದುಕೊಳ್ಳುವ ಆ ಕಪ್ಪು ತಟ್ಟೆಯ ಸುತ್ತ ಒಂದೊಂದೇ ಬೋಲ್ಟನ್ನು ಮುಟ್ಟಿ, ಅಲುಗಿಸಿ ನೋಡಿ ಮುಂದೆ ಸರಿಯುತ್ತಿದ್ದಳು. ಹಿಂದಿನ ಮೂಲೆಗೆ ಬಂದಾಗ ಬೆರಳು ಖಾಲಿ ತೂತಿಗೆ ತಗುಲಿತು.

“ಏನಾಯ್ತು?” ಎಂದ, ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದ ಅಣ್ಣ.

ಅವಳು ಬಾಯಿಂದ ಟಾರ್ಚ್ ತೆಗೆದಳು. “ಒಂದು ಬೋಲ್ಟ್ ಇಲ್ಲ.”

“ಎಲ್ಲಾ ಇದ್ದಿದ್ರೆ ಅದು ಅಪ್ಪನ ಕೆಲಸ ಆಗ್ತಿರಲಿಲ್ಲ.”

ತಮಾಷೆಗೆಂದೇ ಹೇಳಿದ್ದು. ಆದರೆ ಹೇಳಿದ ಕೂಡಲೇ ಅವನು ಮುಖ ಗೋಡೆಯ ಕಡೆ ತಿರುಗಿಸಿದ. ಅಪ್ಪ ಒಳಗೆ ನಡುಮನೆಯಲ್ಲಿ, ಪೆಟ್ಟಿಗೆಯಲ್ಲಿ ಮಲಗಿದ್ದರು. ಮೊನ್ನೆ ರಾತ್ರಿ ಎಂದಿನಂತೆ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಕಾರು ಮಾತ್ರ ಅವರು ಬಿಟ್ಟು ಹೋದ ಹಾಗೆಯೇ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ಮೂತಿ ಎತ್ತಿ ನಿಂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಶವದ ವ್ಯಾನು ಬರುವುದಿತ್ತು.

ಅಮ್ಮ ಸ್ಮಶಾನಕ್ಕೆ ಹೋಗಬೇಕಾದರೆ ಈ ಕಾರೇ ಆಗಬೇಕು. ಮಂಡಿಯ ಆಪರೇಷನ್ ಆದಮೇಲೆ ಅವಳ ಬಲಗಾಲು ಪೂರ್ತಿ ಮಡಚುತ್ತಿರಲಿಲ್ಲ. ಟ್ಯಾಕ್ಸಿಯ ತಗ್ಗು ಸೀಟಿನಲ್ಲಿ ಒಮ್ಮೆ ಕೂತು, ಇಳಿಯಲಾಗದೆ ಅತ್ತು, ಇನ್ನೊಮ್ಮೆ ಹತ್ತುವುದಿಲ್ಲ ಎಂದು ಆಣೆ ಇಟ್ಟಿದ್ದಳು. ವ್ಯಾನಿನ ಮೆಟ್ಟಿಲಂತೂ ಅವಳ ಸೊಂಟದೆತ್ತರ. ಅಪ್ಪ ಈ ಪುಟ್ಟ ಡೀಸೆಲ್ ಕಾರಿನ ಮುಂದಿನ ಸೀಟನ್ನು ಬಿಚ್ಚಿ, ಅಡಿಯಲ್ಲಿ ಹಲಗೆ ಕೊಟ್ಟು ಎತ್ತರಿಸಿ, ಕಾಲು ಚಾಚಲು ಜಾಗ ಮಾಡಿಕೊಟ್ಟಿದ್ದರು. ಅದರಲ್ಲಿ ಅಮ್ಮ ರಾಣಿಯ ಹಾಗೆ ಕೂರುತ್ತಿದ್ದಳು.

ಅಣ್ಣ ಬೆಳಿಗ್ಗೆಯಿಂದ ಅಮ್ಮನನ್ನು ಒಪ್ಪಿಸಲು ನೋಡುತ್ತಿದ್ದ. ಮನೆಯಲ್ಲೇ ಇರು, ಇಲ್ಲೇ ಮುಖ ನೋಡಿ ಕಳಿಸಿಕೊಡು ಎಂದಿದ್ದ. ಅಪ್ಪ ಮಾಡಿದ ರಿಪೇರಿ ನಂಬಿಕೊಂಡು ಹೊರಟು ದಾರಿಯಲ್ಲಿ ಆಯಿಲ್ ಸುರಿದು ಎಂಜಿನ್ ಬಿಗಿದು ನಿಂತುಬಿಟ್ಟರೆ, ಹೆಣದ ಹಿಂದೆ ಕಾರು ತಳ್ಳಿಕೊಂಡು ಹೋಗಬೇಕಾದೀತು ಎಂದೂ ಹೇಳಿದ್ದ. ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತಾಡಿದ್ದಳು.

“ಅವರು ನನ್ನನ್ನ ಬಿಟ್ಟು ಒಬ್ಬರೇ ಎಲ್ಲಿಗೂ ಹೋದವರಲ್ಲ.”

*

ಹೋದ ವಾರ ಕಾರು ನಿಂತಲ್ಲೆಲ್ಲ ನೆಲಕ್ಕೆ ಕಪ್ಪು ಬೊಟ್ಟು ಇಡತೊಡಗಿತ್ತು. ಅಪ್ಪ ಕೆಳಗೆ ತೂರಿ ಸ್ಕ್ರೂಡ್ರೈವರಿನಿಂದ ಹಳೆಯ ಸಂಪನ್ನು ಮೆಲ್ಲಗೆ ಒತ್ತಿದರೆ, ತುಕ್ಕು ತಿಂದ ತಗಡು ಬಿಸ್ಕತ್ತಿನಂತೆ ಪುಡಿಯಾಗಿ ಕಿವಿಯೊಳಗೆ ಬಿತ್ತು.

ಗ್ಯಾರೇಜಿಗೆ ಕೊಡೋಣ ಎಂದಳು ಮಗಳು. ಅವಳು ಬೇಕರಿಯ ವ್ಯಾನು ಓಡಿಸುವವಳು, ಪರಿಚಯದ ಮೆಕ್ಯಾನಿಕ್ ಇದ್ದ. ಅಪ್ಪನಿಗೆ ಆ ಮಾತು ಕೇಳಿಸಲೇ ಇಲ್ಲ. ಜೀವಮಾನವೆಲ್ಲ ಮನೆಮನೆಯ ನೀರಿನ ಮೀಟರ್ ಓದಿಕೊಂಡು ಬಂದವರು. ಓದಲು ಹೋದಲ್ಲೆಲ್ಲ ನಲ್ಲಿಯನ್ನೋ ಚಿಲಕವನ್ನೋ ಬಿಚ್ಚಿ ಕೂತು, ಅರ್ಧ ದಿನ ಕಳೆದು, ಮೇಲಿನವರಿಂದ ಬೈಸಿಕೊಂಡವರು. ಬೀದಿಗೆಲ್ಲ ಅವರು ಮೀಟರ್ ಮಾವ.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಮ್ಮ ಮೇಲ್ವಿಚಾರಣೆ ನೋಡಿದಳು. ಕಾರಿನಡಿಯಿಂದ ಅಪ್ಪನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅಮ್ಮ ಆ ಕಾಲುಗಳ ಜೊತೆಗೇ ಮಾತಾಡುತ್ತಿದ್ದಳು.

“ರೀ, ಬದುಕಿದ್ದೀರಾ?”

ಬಲಗಾಲು ಅಲ್ಲಾಡುತ್ತಿತ್ತು.

ಆಯಿಲ್ ಸೋರದಂತೆ ಎಂಜಿನ್ನಿನ ಅಂಚಿಗೆ ಹಚ್ಚಿದ್ದ ಹಳೆಯ ಪೇಸ್ಟನ್ನು ಹೆರೆದು ತೆಗೆಯುವುದಕ್ಕೇ ಒಂದು ದಿನ ಹೋಯಿತು. ಹೊಸ ಸಂಪಿಗೆ ಪೇಸ್ಟ್ ಹಚ್ಚಿ ಮೇಲಕ್ಕೊತ್ತಿ, ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದು ಸುತ್ತು ಬಿಗಿಯುತ್ತ ಬರುವಾಗ ಸಂಜೆಯಾಗಿತ್ತು. ಅಮ್ಮ ರೇಗಿದಳು. ಇನ್ನು ಎದ್ದು ಬಾರದಿದ್ದರೆ ಊಟವನ್ನು ಅಲ್ಲಿಗೇ ತಳ್ಳುತ್ತೇನೆ ಎಂದಳು. ಅಪ್ಪ ತೆವಳಿಕೊಂಡು ಹೊರಬಂದರು. ಪೇಸ್ಟ್ ಒಣಗಲಿ, ಆಯಿಲ್ ನಾಳೆ ಹುಯ್ಯೋಣ ಎಂದರು.

ಅಪ್ಪ ಏಳದ ಮಾರನೆಯ ಬೆಳಿಗ್ಗೆಯಿಂದ ಅಮ್ಮ ಅದನ್ನೇ ಹೇಳಿಕೊಂಡು ಕೊರಗುತ್ತಿದ್ದಳು: ಆವತ್ತು ಅವಸರ ಮಾಡಿ ಕರೆಯದಿದ್ದರೆ ಕೆಲಸವಾದರೂ ಮುಗಿಯುತ್ತಿತ್ತು, ಅರ್ಧಕ್ಕೆ ಎಬ್ಬಿಸಿಬಿಟ್ಟೆ.

*

ಅಣ್ಣ ಅಪ್ಪನ ಸಾಮಾನಿನ ಡಬ್ಬಿಗಳನ್ನೆಲ್ಲ ಅಂಗಳದಲ್ಲಿ ಬೋರಲು ಹಾಕಿದ. ಮೊಳೆ, ತಿರುಪು, ಯಾವ ಕಾಲದ್ದೋ ಮೀಟರಿನ ಮುಚ್ಚಳ, ಎಲ್ಲ ಇದ್ದವು. ಆ ತೂತಿಗೆ ಕೂರುವ ಬೋಲ್ಟು ಇರಲಿಲ್ಲ. ಒಂದು ದಪ್ಪ, ಇನ್ನೊಂದು ಉದ್ದ. ಮಗಳು ಕೈ ಒರೆಸಿಕೊಂಡು ಒಳಗೆ ಹೋದಳು. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಇದ್ದದ್ದನ್ನೇ ಅಮ್ಮನ ಕಿವಿಯಲ್ಲಿ ಹೇಳಿದಳು.

ಅಮ್ಮ ಪೆಟ್ಟಿಗೆಯ ಪಕ್ಕದಲ್ಲಿ ಕುರ್ಚಿಯ ಮೇಲಿದ್ದಳು. ಸುತ್ತ ಬೀದಿಯವರು. ಪಕ್ಕದ ಮನೆಯ ಟೈಲರ್ ತಗ್ಗಿದ ದನಿಯಲ್ಲಿ, ಮೀಟರ್ ಮಾವ ಕಾಲಿಂಗ್ ಬೆಲ್ ರಿಪೇರಿ ಮಾಡಿಕೊಟ್ಟ ಮೇಲೆ ಬೆಲ್ ಒತ್ತಿದರೆ ಬಚ್ಚಲ ದೀಪ ಹತ್ತುವ ಕತೆ ಹೇಳುತ್ತಿದ್ದ. ಯಾರೋ ಬಂದದ್ದಂತೂ ತಿಳಿಯುತ್ತದೆ, ತಾನು ಬಚ್ಚಲಲ್ಲಿದ್ದರೆ.

ಅಮ್ಮ ಮಗಳ ಮುಖವನ್ನೇ ನೋಡಿದಳು. “ಎಷ್ಟು ಬೋಲ್ಟ್ ಇಲ್ಲ?”

“ಒಂದೇ.”

“ಒಂದೇನಾ? ಸರಿಯಾಗಿ ನೋಡಿದ್ಯಾ, ಮರಿ?”

“ಉಳಿದದ್ದೆಲ್ಲ ಕಲ್ಲಿನ ಹಾಗೆ ಕೂತಿವೆ.”

ಅಮ್ಮನ ಭುಜಗಳು ನಿಧಾನವಾಗಿ ಕೆಳಗಿಳಿದವು. ಎರಡು ದಿನದಿಂದ ಹಿಡಿದಿಟ್ಟಿದ್ದ ಉಸಿರೊಂದು ಆಚೆ ಬಂದಂತಾಯಿತು.

“ಹಾಗಿದ್ರೆ ಕೆಲಸ ಮುಗಿಸಿಯೇ ಎದ್ದಿದ್ದಾರೆ. ಕೊನೇದನ್ನ ಯಾವತ್ತು ಅದೇ ದಿನ ಹಾಕಿದ್ರು ಅವರು? ರಾತ್ರಿ ಹಾಗೇ ಇರಲಿ, ಬೆಳಿಗ್ಗೆ ಹೊಸ ಕಣ್ಣಲ್ಲಿ ಒಂದ್ಸಲ ನೋಡಿ ಹಾಕ್ತೀನಿ ಅಂತ ಜೇಬಿಗೆ ಹಾಕ್ಕೊಳ್ಳೋರು. ಬೆಳಿಗ್ಗೆ ಮರೆಯೋರು. ಈ ಮನೇಲಿ ಒಂದೊಂದು ತಿರುಪು ಕಮ್ಮಿ ಇಲ್ಲದ ವಸ್ತು ಯಾವುದಿದೆ ಹೇಳು.”

“ಜೇಬು ಅಂದ್ರೆ?”

“ಆವತ್ತು ಹಾಕ್ಕೊಂಡಿದ್ದ ಸ್ವೆಟರಿಂದು.”

ಇಬ್ಬರೂ ಒಟ್ಟಿಗೇ ಪೆಟ್ಟಿಗೆಯೊಳಗೆ ನೋಡಿದರು. ಎಲ್ಲರೂ ಹೊಸ ಕೋಟು ಎಂದಾಗ, ಅವರಿಗೆ ಅದೇ ಹಿತ ಎಂದು ಹಟ ಹಿಡಿದು ಅಮ್ಮ ಹಾಕಿಸಿದ ಕಂದು ಸ್ವೆಟರು ಅಪ್ಪನ ಮೈಮೇಲಿತ್ತು. ಅವರ ಜೇಬಿಗೆ ಯಾರೂ ಕೈ ಹಾಕಬಾರದೆಂಬುದು ಮನೆಯ ಕಟ್ಟುಪಾಡು. ತೊಡಿಸುವಾಗಲೂ ಯಾರೂ ಹಾಕಿರಲಿಲ್ಲ.

ಮಗಳು ಹೂವನ್ನು ಬದಿಗೆ ಸರಿಸಿ, ಅಪ್ಪನ ತಣ್ಣನೆಯ ಮೊಣಕೈ ತಾಗುವಂತೆ ಬಗ್ಗಿ, ಜೇಬಿಗೆ ಕೈ ಇಳಿಬಿಟ್ಟಳು. ಮೊದಲು ಒಂದು ಪೆಪ್ಪರಮೆಂಟು ಸಿಕ್ಕಿತು. ಅದನ್ನು ಅಲ್ಲೇ ಬಿಟ್ಟಳು. ಅದರ ಕೆಳಗೆ, ಜೇಬಿನ ಮೂಲೆಯಲ್ಲಿ, ಬೋಲ್ಟು ಇತ್ತು.

“ಏನಮ್ಮಾ ತೆಗೆದೆ?” ಎಂದ ಟೈಲರ್, ಹೆದರಿದವನಂತೆ.

ಅವಳು ಅಂಗೈ ಬಿಡಿಸಿ ತೋರಿಸಿದಳು. ಮೊದಲು ನಕ್ಕವಳು ಅಮ್ಮ. ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ, ಮೈ ಕುಲುಕಿಸಿ ನಕ್ಕಳು.

“ಕಳ್ಳ,” ಎಂದಳು ಗಂಡನಿಗೆ. “ಜೊತೆಗೇ ತಗೊಂಡು ಹೊರಟಿದ್ರಿ.”

*

ಬೋಲ್ಟಿನ ಕುತ್ತಿಗೆಗೆ ಚೂರು ಪೇಸ್ಟ್ ಹಚ್ಚಿ ಮಗಳು ಅದನ್ನು ತಿರುಗಿಸಿದಳು. ಸಲೀಸಾಗಿ ಹೋಗಿ ಕೂತಿತು. ಸ್ಪ್ಯಾನರಿನಿಂದ ಬಿಗಿದು ಹೊರಬಂದು, ಅಣ್ಣನ ಕೈಲಿ ಕಾರನ್ನು ಕೆಳಗಿಳಿಸಿ, ಗೋಡೆಯ ಬಳಿ ಅಪ್ಪ ಇಟ್ಟಿದ್ದ ಡಬ್ಬದಿಂದ ಆಯಿಲ್ ಹುಯ್ದಳು. ಕೀಲಿ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಆಯಿಲ್ ಸಾಲದೆಂದು ಎಚ್ಚರಿಸುವ ಕೆಂಪು ದೀಪ ಉರಿಯುತ್ತಲೇ ಇತ್ತು. ಅಣ್ಣ ಕಿಟಕಿಯಲ್ಲಿ ತಲೆ ತೂರಿಸಿ ಅದನ್ನೇ ದುರುಗುಟ್ಟಿ ನೋಡುತ್ತಿದ್ದ. ಆಮೇಲೆ ದೀಪ ಆರಿತು.

“ಆರಿತು,” ಎಂದ, ಅವಳಿಗೆ ಕಾಣಿಸಿಲ್ಲವೆಂಬಂತೆ.

ವ್ಯಾನಿನ ಹಿಂದೆಯೇ ಹೋದರು. ಅಮ್ಮ ಎತ್ತರದ ಸೀಟಿನಲ್ಲಿ ಕಾಲು ಚಾಚಿ ಕೂತು ದಾರಿಯುದ್ದಕ್ಕೂ ವ್ಯಾನಿನ ಬಾಗಿಲನ್ನು ನೋಡುತ್ತಿದ್ದಳು. ಸ್ಮಶಾನದಲ್ಲಿ ಮಗಳ ತೋಳು ಹಿಡಿದು ನಿಂತು ಮೂರು ಹಿಡಿ ಮಣ್ಣು ಹಾಕಿದಳು. ಬಗ್ಗಲಾಗದ್ದಕ್ಕೆ ಟೈಲರ್ ಮಣ್ಣನ್ನು ಕೈಗೆತ್ತಿ ಕೊಟ್ಟ.

ಎಲ್ಲ ಮುಗಿದು ಗೇಟಿನ ಬಳಿ ಬಂದಾಗ ಅಣ್ಣ ಕಾಣಲಿಲ್ಲ. ನೋಡಿದರೆ ಕಾರಿನಡಿಯಿಂದ ಇಸ್ತ್ರಿ ಮಾಡಿದ ಪ್ಯಾಂಟಿನ ಎರಡು ಕಾಲು ಹೊರಚಾಚಿದ್ದವು. ಅಮ್ಮ ಕೋಲು ಊರಿ ಅವುಗಳ ಮುಂದೆ ನಿಂತಳು. ಅವಳ ತುಟಿ ಏನೋ ಕೇಳಲು ತೆರೆಯಿತು, ಕೇಳಲಿಲ್ಲ. ಅಣ್ಣ ಹೊರಬಂದು ಅಂಗೈ ತೋರಿಸಿದ. ಧೂಳು ಬಿಟ್ಟರೆ ಏನೂ ಇರಲಿಲ್ಲ.

“ಒಂದು ತೊಟ್ಟೂ ಇಲ್ಲಮ್ಮ.”

“ಅವರು ಮಾಡಿದ್ದು,” ಎಂದಳು ಅಮ್ಮ, ಅಷ್ಟೇ.

ವಾಪಸು ಬರುವಾಗ ಮೊದಲ ತಿರುವಿನಲ್ಲೇ ಅವಳ ತಲೆ ಕಿಟಕಿಗೆ ಒರಗಿತು. ಮೊನ್ನೆಯಿಂದ ರೆಪ್ಪೆ ಮುಚ್ಚದವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮನೆಯ ಮುಂದೆ ಕಾರು ನಿಂತಿತು. ಬಂದವರು ಬಾಗಿಲಲ್ಲಿ ಕಾಯುತ್ತಿದ್ದರು. ಎಂಜಿನ್ ಆರಿಸಿದರೆ ಆ ಮೌನಕ್ಕೇ ಎಚ್ಚರವಾದೀತೆಂದು ಮಗಳು ಕೀಲಿಯಿಂದ ಕೈ ತೆಗೆದಳು. ಅಣ್ಣ ಏನೋ ಹೇಳಲು ಬಂದವನು ಅಮ್ಮನ ಮುಖ ನೋಡಿ ಹಿಂತಿರುಗಿದ. ಸ್ವಲ್ಪ ಹೊತ್ತಿಗೆ ಒಂದು ಕಪ್ ಚಹಾ ತಂದು, ಸದ್ದಾಗದಂತೆ ಬಾನೆಟ್ಟಿನ ಮೇಲಿಟ್ಟು ಹೋದ. ಎಂಜಿನ್ ಮಿಡಿದಂತೆಲ್ಲ ಚಹಾದ ಮೇಲೆ ಸಣ್ಣ ಸಣ್ಣ ಉಂಗುರಗಳೆದ್ದು ಅಂಚಿಗೆ ಹೋಗುತ್ತಿದ್ದವು. ಒಂದು ಹನಿಯೂ ಹೊರಚೆಲ್ಲಲಿಲ್ಲ.