ಅಕ್ಕನ ಕಿವಿ

ಬಲಗಿವಿಯ ಕೇಳುವ ಮಿಷಿನ್ ಸುಲಭಕ್ಕೆ ಬರಲಿಲ್ಲ. ಪ್ರತಿಮಾ ಅದನ್ನು ಮೆಲ್ಲಗೆ ತಿರುವಿ, ತೀರಿಹೋದ ಅವ್ವನ ಕಿವಿಯಿಂದ ಬಿಡಿಸಿದಳು. ಓಲೆ, ಮೂಗುಬೊಟ್ಟು ಹೆಂಗಸರು ಆಗಲೇ ತೆಗೆದಿದ್ದರು. ಅಂಗೈಯಲ್ಲಿಟ್ಟು ನೋಡಿದರೆ ಸೆಲ್ಲಿನ ಪುಟ್ಟ ಬಾಗಿಲು ತೆರೆದಿತ್ತು. ಎಡಗಿವಿಯದೂ ಹಾಗೇ. ಆ ಬಾಗಿಲು ತೆರೆದರೆ ಮಿಷಿನ್ ಬಂದ್. ರಾತ್ರಿ ಕಿವಿಯಿಂದ ತೆಗೆದ ಮೇಲಷ್ಟೇ ಅವ್ವ ಅದನ್ನು ತೆರೆಯುತ್ತಿದ್ದುದು.

ಬಾಗಿಲಲ್ಲಿ ಅವ್ವನ ತಮ್ಮ, ಬಿಕ್ಕೋಡಿನ ಚಿದಂಬರ ನಿಂತಿದ್ದ. ನಿನ್ನೆ ಸಂಜೆ ಅವನು ಮಾತಾಡಿ ಎದ್ದುಹೋದ ಸ್ವಲ್ಪ ಹೊತ್ತಿಗೇ ಅವ್ವನ ಉಸಿರು ನಿಂತಿತ್ತು.

"ತಪ್ಪಾಯ್ತು ಅಂತ ಎಲ್ಲಾ ಹೇಳ್ಕಂಡೆ ಕಣವ್ವ. ಅಕ್ಕ ತಲೆ ಆಡುಸ್ತು. ಕೇಳುಸ್ಕಂಡ್ತು, ಅಲ್ವಾ?"

ಪ್ರತಿಮಾ ಮುಷ್ಟಿ ಬಿಗಿದಳು. "ಸ್ವಾಮಿಗಳು ಬಂದವ್ರೆ, ನಡೀರಿ ಮಾವ."

*

ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ಪ್ರತಿಮಾಳ ಅವ್ವ ಸುವರ್ಣಮ್ಮನಿಗೆ ಮಾತ್ರ ಇಲ್ಲವೆಂದು ನೆಂಟರೆಲ್ಲ ತೀರ್ಮಾನಿಸಿದ್ದರು. ಅಂಗಡಿಯಲ್ಲಿ ಕೊಂಡ ಮೊದಲ ಮಿಷಿನ್ ಬರೀ ಕುಯ್ಯೆನ್ನುತ್ತಿತ್ತು. ಯಾರೇನಂದರೂ ಅವಳು ನಕ್ಕು ತಲೆಯಾಡಿಸುವಳು. ಕೊನೆಗೆ ಪ್ರತಿಮಾ ಹಾಸನಕ್ಕೆ ಕರೆದೊಯ್ದಳು. ಅಲ್ಲಿನ ತಜ್ಞೆ ಹೇಮಲತಾ ಕಿವಿಯ ಅಚ್ಚು ತೆಗೆದು ಹೊಸದನ್ನು ಕೂರಿಸಿದರು. "ತಟ್ಟೆ ಸದ್ದು ಚುಚ್ಚುತ್ತಾ ಅಮ್ಮಾ? ಮಗಳ ಮಾತು ಬಿಡಿಸಿ ಕೇಳುತ್ತಾ?" ಎಂದು ಮತ್ತೆ ಮತ್ತೆ ಕರೆಸಿ ಕಂಪ್ಯೂಟರಿಗೆ ಜೋಡಿಸಿ ಹದ ಮಾಡಿದರು.

"ಒಗ್ಗರಣೆ ಇಷ್ಟೊಂದು ಮಾತಾಡ್ತೈತಾ?" ಎಂದು ಸುವರ್ಣಮ್ಮ ಒಲೆ ಮುಂದೆ ನಿಂತೇಬಿಟ್ಟಿದ್ದಳು.

ಆ ಖುಷಿಯಲ್ಲೇ ತವರಿನ ನಾಮಕರಣಕ್ಕೆ ಹೋದದ್ದು. ಊಟಕ್ಕೆ ಕೂತಿದ್ದ ಅವಳ ಬೆನ್ನ ಹಿಂದೆಯೇ ನಿಂತು, ಹಳೇ ಅಭ್ಯಾಸದಂತೆ, ಚಿದಂಬರ ಹೆಂಡತಿಗೆ ಹೇಳಿದ: "ಆ ಕಿವುಡಿ ಜೊತೆ ಯಾರು ಅರಚ್ತಾರೆ? ಊಟ ಇಕ್ಕಿ ಬೇಗ ಬಸ್ ಹತ್ತುಸು."

ಸುವರ್ಣಮ್ಮ ಎಲೆ ಬಿಟ್ಟು ಎದ್ದಳು. ಮತ್ತೆ ಬಿಕ್ಕೋಡಿನ ಕಡೆ ಮುಖ ಹಾಕಲಿಲ್ಲ.

*

ಗಂಡಸಿ ಊರಿನ ತೆಂಗಿನ ತೋಟದಲ್ಲಿ ಗುಂಡಿಯೊಳಗೆ ಸುವರ್ಣಮ್ಮನನ್ನು ಕುಳ್ಳಿರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಸ್ವಾಮಿಗಳು ಮೇಲೆ ಬಂದರು. ಒಬ್ಬೊಬ್ಬರೇ ವಿಭೂತಿ, ಪತ್ರೆ ಹಾಕಿದರು. ಚಿದಂಬರನ ಸರದಿ ಬಂದಾಗ ಅವನು ಪತ್ರೆ ಹಿಡಿದೇ ಪ್ರತಿಮಾಳ ಕಡೆ ತಿರುಗಿದ.

"ಹೇಳವ್ವ. ಕೇಳುಸ್ಕಂಡ್ತಾ?"

ಹೌದೆಂದರೆ ಮುಗಿಯುತ್ತಿತ್ತು, ಅವನು ಹಗುರಾಗಿ ಊರಿಗೆ ಹೋಗುತ್ತಿದ್ದ. ಆದರೆ ಅವ್ವ ಕೊನೆಯದಾಗಿ ಮಾಡಿದ್ದು ಆ ಪುಟ್ಟ ಬಾಗಿಲು ತೆರೆದದ್ದೊಂದೇ. ಅದನ್ನು ಸುಳ್ಳು ಮಾಡಲು ಪ್ರತಿಮಾಗೆ ಮನಸ್ಸು ಬರಲಿಲ್ಲ.

"ಇಲ್ಲ ಮಾವ. ನಿಮ್ಮನ್ನ ನೋಡಿ ಎರಡೂ ಬಂದ್ ಮಾಡ್ಕಂಡಿತ್ತು."

ಚಿದಂಬರ ಪತ್ರೆ ಕೆಳಗಿಟ್ಟ. "ಪೂಜೆ ಮುಗುದೈತೆ, ಇಳೀಬ್ಯಾಡಿ ಕಣ್ರೀ" ಎಂದು ಯಾರೋ ತೋಳು ಹಿಡಿದರು. ಅವನು ಬಿಡಿಸಿಕೊಂಡು ಗುಂಡಿಗೆ ಇಳಿದ. ಅಕ್ಕನ ಪಕ್ಕ ಮಂಡಿಯೂರಿ ಅವಳ ಕಿವಿಯ ಹತ್ತಿರ ಬಾಯಿ ತಂದ. ಮೇಲೆ ನಿಂತವರಿಗೆ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಒಂದು ಮಾತೂ ಕೇಳಿಸಲಿಲ್ಲ.