ಮೂರನೆಯ ಹೆಸರು

ಬೈರಿದೇವರಕೊಪ್ಪ ದಾಟಿತು, ದಾಟಲಿ, ಈ ಆಟೋದವನಿಗೆ ಏಕಿಷ್ಟು ಅವಸರ, ತಗ್ಗು ನೋಡಿ ಓಡಿಸಬಾರದೇ, ತೊಡೆಯ ಮೇಲಿನ ಪೆಟ್ಟಿಗೆ ಅಲುಗಿದಾಗಲೆಲ್ಲ ರೂತಮ್ಮನ ಕೈ ತಾನಾಗಿ ತಟ್ಟುತ್ತಿತ್ತು, ಮಲಗು ಮಲಗು ಅನ್ನುವ ಹಾಗೆ — ಮಲಗಿಯೇ ಇದೆಯಲ್ಲ, ಒಂದೇ ದಿನದ ಕೂಸು, ಮಗಳು ಫೇಬಿಯ ಚೊಚ್ಚಲು, ಇನ್ನು ಏಳುವುದುಂಟೇ. ಅಳಿಯ ಎಡ್ವರ್ಡ್ ಕುಣಿ ತೋಡಿಸಲು ಮುಂದೆ ಹೋಗಿದ್ದಾನೆ, ಫೇಬಿ ಹೊಲಿಗೆಯ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯಲ್ಲೇ ಉಳಿದಳು, ಹೊರಡುವಾಗ ಸೆರಗು ಜಗ್ಗಿ ಕೇಳಿದ್ದು ಒಂದೇ ಮಾತು, ಅವ್ವಾ, ದೀಕ್ಷಾಸ್ನಾನ ಪೂರಾ ಆತಲ್ಲಾ, ತಂದಿ, ಮಗ, ಪವಿತ್ರಾತ್ಮ, ಮೂರೂ ಹೆಸರು ಹೇಳಿದಿ ಹೌದಿಲ್ಲೋ? ಹೇಳೇನವಾ, ಪೂರಾ ಆತು. ಸುಳ್ಳುಬುರುಕಿ! ಮೂವತ್ತು ವರ್ಷ ರವಿವಾರದ ಸಾಲಿ ನಡೆಸಿದ ಬಾಯಿ ಇದು. ಪಾದ್ರಿಗಳು ಧಾರವಾಡದಿಂದ ಬರುವಷ್ಟು ಪುರುಸೊತ್ತು ಕೂಸಿಗೆ ಎಲ್ಲಿತ್ತು, ನೀವ ಮಾಡ್ರಿ ರೂತಮ್ಮಾ, ನಡೀತೈತಿ, ಹೆಸರಿಗೊಂದು ಹನಿ, ಎಂದು ಅವರೇ ಫೋನಿನಲ್ಲಿ ಹೇಳಿದ್ದರು, ಬಟ್ಟಲಲ್ಲಿ ಬೆರಳದ್ದಿದಳು, ತಂದೆಯ — ಒಂದು ಹನಿ, ಎಷ್ಟು ಸಣ್ಣ ಹಣೆ ದೇವರೇ — ಮಗನ — ಎರಡು, ಆಗಲೇ ನರ್ಸ್ ಹುಸ್ನಾ, ಪಾಪದ ಹುಡುಗಿ, ಅಮ್ಮಾ, ಮಗ ಅಲ್ರಿ, ಮಗಳು, ಅಂದಳು, ಮೆಲ್ಲಗೆ, ದುಃಖದಲ್ಲಿ ಅಜ್ಜಿಗೆ ತಪ್ಪಿತೆಂದು ತಿದ್ದಿದಳು. ಅಲ್ಲವಾ, ಇದು ದೇವರ ಮಗನ ಹೆಸರು, ಎಂದು ತಿರುಗಿ ಪಾಠ ಹೇಳಿದ್ದೇ ತಪ್ಪು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಕಂಡವರಿಗೆಲ್ಲ ಕಲಿಸುವ ಈ ಹಾಳು ಚಟ, ಮತ್ತೆ ಬಗ್ಗುವಷ್ಟರಲ್ಲಿ ಆ ಎದೆ ಏಳಲಿಲ್ಲ, ಬೆರಳ ತುದಿಯಲ್ಲಿ ಮೂರನೆಯ ಹನಿ ಹಾಗೇ ಇತ್ತು. ಸತ್ತವರಿಗೆ ದೀಕ್ಷಾಸ್ನಾನವಿಲ್ಲ. ಹುಸ್ನಾ ಅತ್ತಳು, ದೇವರು ಒಬ್ಬನ ಅಲ್ರಿ ಅಮ್ಮಾ, ಅಂವಗ ಎಲ್ಲಾ ತಿಳೀತೈತಿ.

ಒಬ್ಬನೇ, ಹೌದು, ತಾನೂ ಅದನ್ನೇ ಹೇಳಿದವಳು, ಏಳು ವರ್ಷದ ಫೇಬಿ, ಅವ್ವಾ, ಒಬ್ಬರ ಹೆಸರು ಮರತರ ಉಳದಿಬ್ರು ಸಿಟ್ಟಾಗ್ತಾರೇನು, ಅಂದಾಗ, ಹುಚ್ಚಿ, ದೇವರು ಒಬ್ಬನ, ಒಬ್ಬರನ್ನ ಕರದ್ರ ಮೂವರೂ ಬಂದಂಗ, ಎಂದು ನಕ್ಕಿದ್ದಳು, ಎಷ್ಟು ಸುಲಭವಿತ್ತು ಆಗ. ಹಾಗಾದರೆ ಮೂವರೂ ಬಂದಿದ್ದರೇ? ಬಂದು, ಕೂಸು ಹೋಗುವುದನ್ನು ನೋಡುತ್ತ ನಿಂತಿದ್ದರೇ? ಛೀ, ಏನು ಮಾತು, ಆದರೂ ಸಿಟ್ಟು ಬರುತ್ತದೆ, ಮೂವರ ಮೇಲೂ ಬರುತ್ತದೆ. ಆಟೋ ನಿಂತಿತು, ಇಳ್ರಿ ಅಮ್ಮಾ, ಕುಣಿ ಇಷ್ಟು ಗಿಡ್ಡ, ಎಡ್ವರ್ಡ್ ಪೆಟ್ಟಿಗೆ ಇಸಿದುಕೊಂಡ, ಪಾದ್ರಿಗಳು ಪುಸ್ತಕ ತೆರೆದರು, ದೀಕ್ಷಾಸ್ನಾನ ಹೆಂಗ ಕೊಟ್ರಿ ಹೇಳ್ರಿ, ಬರಕೋತೇನಿ. ತಂದೆಯ, ಅಂದಳು. ಮಗನ, ಅಂದಳು. ಎಡ್ವರ್ಡ್ ಅವಳ ಬಾಯಿಯನ್ನೇ ನೋಡುತ್ತಿದ್ದ, ಅಂದುಬಿಡು, ಇನ್ನೊಂದೇ ಹೆಸರು, ಫೇಬಿಗಾಗಿ ಅಂದುಬಿಡು — ಬೆರಳ ತುದಿಯಲ್ಲಿ ಹನಿ, ಬೀಳಲೊಲ್ಲದು, ಹನಿ —